ತಗಡಿನ ಶೆಡ್ಡಿನಲ್ಲಿ ಕಲಿತ ಲೆಕ್ಕ

ಐಟಿಐನಲ್ಲಿ ಶೀಟ್ ಮೆಟಲ್ ವರ್ಕರ್ ಟ್ರೇಡಿಗೆ, ಅಂದರೆ ತಗಡಿನ ಕೆಲಸ ಕಲಿಸುವ ವಿಭಾಗಕ್ಕೆ, ನಮ್ಮ ಕಾಲದಲ್ಲಿ ಯಾರೂ ಆಸೆಪಟ್ಟು ಸೇರುತ್ತಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಎಲೆಕ್ಟ್ರಿಷಿಯನ್, ಇಲ್ಲದಿದ್ದರೆ ಫಿಟ್ಟರ್. ಅಲ್ಲಿ ಸೀಟು ಭರ್ತಿಯಾದ ಮೇಲೆ ಉಳಿದವರು ನಮ್ಮ ಶೆಡ್ಡಿಗೆ ಬರುತ್ತಿದ್ದರು. 1990ರ ದಶಕದ ಶುರುವಿನಲ್ಲಿ ಮಂಡ್ಯದ ಐಟಿಐಗೆ ನಾನೂ ಹಾಗೇ ಬಂದವನು. ಒಂದು ವರ್ಷದ ಕೋರ್ಸು. ಬೇರೆ ಟ್ರೇಡಿನ ಹುಡುಗರು ನಮ್ಮನ್ನು ‘ಡಬ್ಬ ಬಡಿಯೋರು’ ಅನ್ನುತ್ತಿದ್ದರು. ಸುಳ್ಳೇನಲ್ಲ, ಮೊದಮೊದಲು ನಾವು ಬಡಿದದ್ದು ಡಬ್ಬವನ್ನೇ.

ಈಗ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಷನ್ ಯೂನಿಟ್ ಇದೆ. ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡು, ಮೆಷಿನ್ ಕವರು, ಹೋಟೆಲ್ ಅಡುಗೆಮನೆಯ ಸ್ಟೀಲ್ ಕೌಂಟರು, ಚಿಮಣಿ ಹುಡ್ ಮಾಡಿಕೊಡುತ್ತೇವೆ. ದಿನಾ ಮಾಡುವ ಕೆಲಸದಲ್ಲಿ ಯಾವುದು ನಮ್ಮ ಶೆಡ್ಡಿನಿಂದ ಬಂದದ್ದು ಅಂತ ಹುಡುಕಿದರೆ, ಕೈಚಳಕಕ್ಕಿಂತ ಜಾಸ್ತಿ ಅಲ್ಲಿಯ ಲೆಕ್ಕವೇ ಸಿಗುತ್ತದೆ.

ನಮ್ಮ ಮೇಷ್ಟ್ರು ಮೊದಲ ದಿನ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. 24 ಗೇಜಿನ ತೆಳು ತಗಡಿನಲ್ಲಿ ಅರ್ಧ ಮೀಟರ್ ಉದ್ದದ, ಅಂಗೈ ಅಗಲದ ಒಂದು ಪಟ್ಟಿ ಕತ್ತರಿಸಿದರು. ಒಂದು ತುದಿ ಹಿಡಿದು ಎತ್ತಿದರು. ಇನ್ನೊಂದು ತುದಿ ಜೋತುಬಿತ್ತು. ಆಮೇಲೆ ಅದೇ ಪಟ್ಟಿಯ ಎರಡೂ ಅಂಚನ್ನು ಬೆರಳಗಲ ಮೇಲಕ್ಕೆ ಮಡಚಿ, ಕೊಡತಿಯಲ್ಲಿ ನಾಲ್ಕು ಏಟು ಹಾಕಿ ಮತ್ತೆ ಎತ್ತಿದರು. ಈ ಸಲ ಪಟ್ಟಿ ನೆಟ್ಟಗೆ ನಿಂತಿತು. ‘ದಪ್ಪ ಮಾಡಾಕೆ ದುಡ್ ಬೇಕು. ಮಡಚಾಕೆ ಏನ್ ಬೇಕ್ರಲಾ?’ ಅಂದರು. ಕಾರಿನ ಬಾಗಿಲ ಮೇಲೆ ಓಡುವ ಗೆರೆ, ಚಾವಣಿ ಶೀಟಿನ ಅಲೆ, ಎಸಿ ಡಕ್ಟಿನ ಮೈಮೇಲೆ ಮೂಲೆಯಿಂದ ಮೂಲೆಗೆ ಹಾಕಿರುವ ಗುಣಾಕಾರ ಚಿಹ್ನೆಯಂಥ ಮಡಿಕೆ, ಯಾವುದೂ ಬರೀ ಅಂದಕ್ಕೆ ಮಾಡಿದ್ದಲ್ಲ. ಡಕ್ಟಿಗೆ ಆ ಮಡಿಕೆ ಇಲ್ಲದಿದ್ದರೆ ಗಾಳಿ ಹೊಡೆದಾಗಲೆಲ್ಲ ತಗಡು ಡಬಡಬ ಅನ್ನುತ್ತದೆ.

ಗೇಜ್ ಅಂದರೆ ತಗಡಿನ ದಪ್ಪ ಹೇಳುವ ನಂಬರು, ಅದರ ವಿಷಯ ಹೊಸಬರಿಗೆ ತಲೆಕೆಳಗು. ನಂಬರ್ ಹೆಚ್ಚಾದಷ್ಟೂ ತಗಡು ತೆಳು. ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಲೆಕ್ಕದಲ್ಲಿ 16 ಗೇಜ್ ಅಂದರೆ 1.63 ಮಿ.ಮೀ., 20 ಗೇಜ್ 0.91, 24 ಗೇಜ್ 0.56. ಸಾಮಾನ್ಯವಾಗಿ 5-6 ಮಿ.ಮೀ. ದಾಟಿದರೆ ಅದನ್ನು ಶೀಟ್ ಅನ್ನುವುದಿಲ್ಲ, ಪ್ಲೇಟ್ ಅನ್ನುತ್ತಾರೆ. ಇನ್ನೊಂದು ಅಂಕಿ ನನಗೆ ಈಗಲೂ ದಿನಾ ಬೇಕು. ಒಂದು ಚದರ ಮೀಟರ್ ವಿಸ್ತೀರ್ಣದ, ಒಂದು ಮಿ.ಮೀ. ದಪ್ಪದ ಉಕ್ಕಿನ ತಗಡು 7.85 ಕೆಜಿ ತೂಗುತ್ತದೆ. ಅಂದರೆ ಅದೇ ದಪ್ಪದ, ಎಂಟಡಿ ಉದ್ದ, ನಾಲ್ಕಡಿ ಅಗಲದ ಹಾಳೆ ಸುಮಾರು 23 ಕೆಜಿ. ದರ ಕೇಳಿಕೊಂಡು ಬಂದ ಗಿರಾಕಿ ಕೂತಿರುವಾಗಲೇ ತೂಕ ಹೇಳಬಹುದು, ಕ್ಯಾಲ್ಕುಲೇಟರ್ ಬೇಡ.

ಕೋರ್ಸಿನಲ್ಲಿ ಎಲ್ಲರೂ ಹೆದರುತ್ತಿದ್ದ ಜಾಬ್ ಅಂದರೆ ಸೀಮೆಎಣ್ಣೆಯ ಲೀಟರ್ ಅಳತೆ. ಆಗ ನ್ಯಾಯಬೆಲೆ ಅಂಗಡಿಯಲ್ಲಿ ಇರುತ್ತಿತ್ತಲ್ಲ, ಅಂಥದ್ದು. ನೋಡಲು ಏನೂ ಇಲ್ಲ, ಒಂದು ಕೊಳವೆ, ಒಂದು ತಳ, ಒಂದು ಹಿಡಿ. ಒಳಗೆ ಮಾತ್ರ ಪೂರ್ತಿ ಲೆಕ್ಕ. 100 ಮಿ.ಮೀ. ವ್ಯಾಸ ಇಟ್ಟುಕೊಂಡರೆ ಲೀಟರಿಗೆ 127 ಮಿ.ಮೀ. ಎತ್ತರ ಬೇಕು. ಸುತ್ತಳತೆ 314 ಮಿ.ಮೀ. ಹಾಗಂತ 314ಕ್ಕೆ ಕತ್ತರಿಸಿದರೆ ಕೆಟ್ಟಿತು. ಎರಡು ಅಂಚನ್ನು ಕೊಕ್ಕೆಯ ಹಾಗೆ ಮಡಚಿ, ಒಂದರೊಳಗೊಂದು ಸಿಕ್ಕಿಸಿ ಬಡಿಯಬೇಕಲ್ಲ? ಆ ಗ್ರೂವ್ಡ್ ಸೀಮ್ 5 ಮಿ.ಮೀ. ಅಗಲ ಇದ್ದರೆ ಅದರ ಮೂರು ಪಟ್ಟು, ಅಂದರೆ 15 ಮಿ.ಮೀ., ಜಾಸ್ತಿ ಬಿಡಬೇಕು. ಬಾಯಿಯ ಅಂಚು ಕೈ ಕುಯ್ಯಬಾರದು ಅಂತ ತಂತಿ ಇಟ್ಟು ಸುತ್ತುತ್ತೇವೆ. ಅದಕ್ಕೆ ತಂತಿಯ ದಪ್ಪದ ಎರಡೂವರೆ ಪಟ್ಟು. 3 ಮಿ.ಮೀ. ತಂತಿಗೆ 7.5. ತಳ ಸೇರಿಸಲು ಕೆಳಗಿನ ಅಂಚಿಗೆ ಬೇರೆ. ಇಷ್ಟನ್ನೂ ಚಪ್ಪಟೆ ಹಾಳೆಯ ಮೇಲೆ ಸ್ಕ್ರೈಬರ್‌ನಲ್ಲಿ ಗೀಚಿ ಮುಗಿಸುವವರೆಗೆ ಮೇಷ್ಟ್ರು ಕತ್ತರಿ ಮುಟ್ಟಲು ಬಿಡುತ್ತಿರಲಿಲ್ಲ. ಯಾರಾದರೂ ಆತುರ ಮಾಡಿದರೆ ‘ಯಾವ ಬಸ್ಸು ಹೊಂಟೋಯ್ತದ್ಲಾ ನಿಂಗೆ?’ ಅನ್ನುವರು.

ಲಾಳಿಕೆ ಇನ್ನೂ ಚೆಂದ. ಮೊನಚಾದ ಶಂಕುವಿನ ಬಾಯಿ 12 ಸೆಂ.ಮೀ. ಅಗಲ, ಓರೆಯ ಉದ್ದವೂ 12 ಸೆಂ.ಮೀ. ಇದ್ದರೆ, ಬಿಡಿಸಿದಾಗ ಅದು ಸರಿಯಾಗಿ ಅರ್ಧ ವೃತ್ತ. ಅರ್ಧ ವೃತ್ತ ಕತ್ತರಿಸಿ ಸುತ್ತಿದರೆ ಶಂಕು ರೆಡಿ. ಲಾಳಿಕೆಗೆ ಕೆಳಗಡೆ ತೂತು ಬೇಕಾದ್ದರಿಂದ ಆ ಅರ್ಧ ವೃತ್ತದ ನಡುವಿನಿಂದ ಸಣ್ಣ ಅರ್ಧ ವೃತ್ತವೊಂದನ್ನು ತೆಗೆದುಹಾಕಬೇಕು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಕೋನ, ತ್ರಿಜ್ಯ ಎಲ್ಲ ಇಲ್ಲಿ ಕೆಳಗೆ ಇಳಿದವು.

ಬೆಸುಗೆ ಕಲಿತದ್ದು ಮೂಗಿನಿಂದ ಅಂದರೂ ತಪ್ಪಿಲ್ಲ. ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸತುವಿನ ಚೂರು ಹಾಕಿದರೆ ಬುರಬುರ ಗುಳ್ಳೆ ಬರುತ್ತದೆ. ಗುಳ್ಳೆ ನಿಂತ ಮೇಲೆ ಉಳಿಯುವ ದ್ರವವೇ ಫ್ಲಕ್ಸ್, ಬೆಸುಗೆ ಹಿಡಿಯಲಿ ಅಂತ ತಗಡಿಗೆ ಸವರುವಂಥದ್ದು. ಆ ಗುಳ್ಳೆ ಹೈಡ್ರೋಜನ್, ಆದ್ದರಿಂದ ಇದನ್ನು ಶೆಡ್ಡಿನ ಹೊರಗೆ, ಬೆಂಕಿಯಿಂದ ದೂರ ಮಾಡುತ್ತಿದ್ದೆವು. ಬೆಸುಗೆ ಹಾಕುವ ಕಾದ ತಾಮ್ರದ ಬಿಟ್ಟನ್ನು ಫ್ಲಕ್ಸಿಗೆ ತಾಗಿಸಿದಾಗ ‘ಚುಸ್’ ಅಂತ ಬರುವ ಘಾಟು ಶರ್ಟಿನಿಂದ ಸಂಜೆಯವರೆಗೂ ಹೋಗುತ್ತಿರಲಿಲ್ಲ. ಬಿಟ್ಟಿನ ಮೂತಿಗೆ ತವರ ಹಿಡಿದು ಬೆಳ್ಳಗೆ ಹೊಳೆಯಬೇಕು. ಅದನ್ನು ಸೀಮಿನ ಮೇಲೆ ಇಟ್ಟು ನಿಧಾನ ಎಳೆದರೆ ಬೆಸುಗೆ ತಾನೇ ಸಂದಿಗೆ ಓಡುತ್ತದೆ. ಓಡದೆ ಗುಂಡುಗುಂಡಾಗಿ ನಿಂತರೆ ತಗಡು ಕೊಳೆಯಾಗಿದೆ, ಇಲ್ಲವೇ ಕಾದಿಲ್ಲ. 63 ಭಾಗ ತವರಕ್ಕೆ 37 ಭಾಗ ಸೀಸ ಬೆರೆಸಿದರೆ 183 ಡಿಗ್ರಿಗೇ ಕರಗುತ್ತದೆ. ಬರೀ ತವರ ಕರಗಲು 232 ಡಿಗ್ರಿ ಬೇಕು. ಸೀಸ ಇರುವುದರಿಂದ ಈ ಬೆಸುಗೆ ತಿನ್ನುವ, ಕುಡಿಯುವ ಪಾತ್ರೆಗೆ ಬೇಡ. ಲೀಟರ್ ಅಳತೆ ಮಾಡಿ ಮುಗಿಸಿದ ಮೇಲೆ ಅದರ ಸೀಮಿನ ಹೊರಗಡೆ ಸೀಮೆಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ಹುಯ್ದು ಇಡುವರು. ಸೋರುವ ಜಾಗ ಇದ್ದರೆ ಸುಣ್ಣದ ಮೇಲೆ ಎಣ್ಣೆಯ ಕಲೆ ಮೂಡುತ್ತದೆ. ಕಲೆ ಬಂತೋ, ಮಾರ್ಕಿಲ್ಲ.

ಒಂದು ದಿನ ಮೇಷ್ಟ್ರು ಊರಾಚೆಯ ಆಲೆಮನೆಗೆ ಕರೆದುಕೊಂಡು ಹೋದರು. ನಾವು ಬೆಲ್ಲದ ಆಸೆಗೆ ಹೋದೆವು, ಅವರು ತೋರಿಸಿದ್ದು ಕೊಪ್ಪರಿಗೆಯ ರಿವೆಟ್. ಹಳೆಯ ಕೊಪ್ಪರಿಗೆ ಅಂದರೆ ಕಬ್ಬಿಣದ ತಗಡಿನ ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಏರಿಸಿ, ಸಾಲಾಗಿ ರಿವೆಟ್ ಬಡಿದು ಮಾಡಿದ್ದು. ಕೆಳಗೆ ಕಬ್ಬಿನ ಸಿಪ್ಪೆಯ ಉರಿ, ಮೇಲೆ ಕುದಿಯುವ ಕಬ್ಬಿನ ಹಾಲು. ತಳದ ಒಂದು ತುಂಡು ಸುಟ್ಟು ತೆಳುವಾದರೆ ಆ ಜಾಗದ ರಿವೆಟ್ ತಲೆಗಳನ್ನು ಉಳಿಯಲ್ಲಿ ಹಾರಿಸಿ, ಹೊಸ ತುಂಡು ಕೂರಿಸಬಹುದು. ರಿವೆಟ್ ತೂತನ್ನು ಅಂಚಿಗೆ ತೀರಾ ಹತ್ತಿರ ಹಾಕಬಾರದು, ರಿವೆಟ್ ದಪ್ಪದ ಎರಡು ಪಟ್ಟಾದರೂ ಒಳಗಿರಬೇಕು ಅಂತ ಕ್ಲಾಸಿನಲ್ಲಿ ಬರೆದುಕೊಂಡಿದ್ದೆವು. ಅಲ್ಲಿ ಸ್ಕೇಲ್ ಇಟ್ಟು ನೋಡಿದರೆ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅದನ್ನು ಬಡಿದವರು ಐಟಿಐ ಮೆಟ್ಟಿಲು ಹತ್ತಿದವರಲ್ಲ ಬಿಡಿ.

ಯೆಜ್ಡಿ ಬೈಕಿನ ಪೆಟ್ರೋಲ್ ಟ್ಯಾಂಕೂ ನಮಗೆ ಪಾಠವೇ. ಅದನ್ನು ಮಾಡುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಆಗಿನ್ನೂ ಇತ್ತು, 1996ರಲ್ಲಿ ಮುಚ್ಚಿತು. ಟ್ಯಾಂಕಿನ ಆ ಉಬ್ಬು ಕತ್ತರಿ, ಕೊಡತಿಯಿಂದ ಬರುವಂಥದ್ದಲ್ಲ. ಹಾಳೆಯನ್ನು ಡೈ ಅನ್ನುವ ಅಚ್ಚಿನ ಮೇಲಿಟ್ಟು ಪ್ರೆಸ್‌ನಲ್ಲಿ ಒತ್ತಿದಾಗ ಲೋಹ ಒಳಕ್ಕೆ ಹರಿದು ಆಕಾರ ತಗೊಳ್ಳುತ್ತದೆ. ಹಾಗೆ ಒತ್ತಿದ ಭಾಗಗಳನ್ನು ಸೇರಿಸಿ ಬೆಸೆದರೆ ಟ್ಯಾಂಕು. ದಸರೆಯ ಅಂಬಾರಿಯನ್ನೂ ಮೇಷ್ಟ್ರು ನಮ್ಮ ಟ್ರೇಡಿಗೇ ಸೇರಿಸಿಕೊಳ್ಳುತ್ತಿದ್ದರು. 750 ಕೆಜಿಯ ಅಂಬಾರಿಯ ಒಳಗಿರುವುದು ಮರದ ಚೌಕಟ್ಟು, ಮೇಲೆ ಹೊದಿಸಿರುವುದು ಚಿನ್ನದ ತಗಡು. ‘ಅದೂ ತಗಡಿನ ಕೆಲ್ಸನೇ ಕಣ್ರಲಾ’ ಅನ್ನುವಾಗ ಅವರ ಮುಖ ನೋಡಬೇಕಿತ್ತು.

ಮೆಟೀರಿಯಲ್ ಬಗ್ಗೆ ಶೆಡ್ಡಿನಲ್ಲಿ ಕಲಿತದ್ದು ಕಮ್ಮಿ, ಮಾರ್ಕೆಟ್ಟಿನಲ್ಲಿ ಕಲಿತದ್ದೇ ಜಾಸ್ತಿ. ಪ್ಯಾನೆಲ್ ಬೋರ್ಡಿಗೆ ಸಿಆರ್‌ಸಿಎ ತಗಡು. ತಣ್ಣಗಿರುವಾಗ ರೋಲರ್‌ಗಳ ನಡುವೆ ಉರುಳಿಸಿ, ಆಮೇಲೆ ಕಾಯಿಸಿ ಮೆತ್ತಗೆ ಮಾಡಿರುತ್ತಾರೆ. ಮೈ ನುಣುಪು, ಚೆನ್ನಾಗಿ ಮಡಚಿಕೊಳ್ಳುತ್ತದೆ, ಆದರೆ ಮಳೆಗಾಲದಲ್ಲಿ ಮೇಲೆ ಸವರಿದ ಎಣ್ಣೆ ಆರಿದರೆ ತುಕ್ಕು ಓಡಿ ಬರುತ್ತದೆ. ಜಿಐ ತಗಡಿಗೆ ಸತುವಿನ ಲೇಪ. ಅಲ್ಲಲ್ಲಿ ಗೀರು ಬಿದ್ದರೂ ಸತುವೇ ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದೇ ಸತು ವೆಲ್ಡಿಂಗಿನಲ್ಲಿ ವೈರಿ. ಬಿಳಿ ಹೊಗೆ ಏಳುತ್ತದೆ, ಕುಡಿದವರಿಗೆ ರಾತ್ರಿ ಚಳಿಜ್ವರ. ‘ಹಾಲು ಕುಡಿದರೆ ಹೋಗುತ್ತೆ’ ಅನ್ನುವ ಮಾತು ಎಲ್ಲಾ ಶಾಪಿನಲ್ಲೂ ಇದೆ. ಸುಮ್ನೆ ನಂಬಿಕೆ ಅಷ್ಟೆ. ವೆಲ್ಡ್ ಮಾಡುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯಿರಿ, ಗಾಳಿ ಆಡುವ ಕಡೆ ಕೂರಿ, ಮಾಸ್ಕ್ ಹಾಕಿ.

ಸ್ಟೇನ್‌ಲೆಸ್ ಸ್ಟೀಲಿನದು ಬೇರೆ ಕತೆ. ಹೋಟೆಲಿನವರು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಬರುತ್ತಾರೆ. ಅಂಟದಿದ್ದರೆ 304 ನಂಬರಿನ ಸ್ಟೀಲು, ಒಳ್ಳೇ ಮಾಲು ಅಂತ ಲೆಕ್ಕ. ಆದರೆ ಅಗ್ಗದ 202 ಕೂಡ ಅಂಟುವುದಿಲ್ಲ! ಅದರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. 304ರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್. ಉಪ್ಪು, ಹುಳಿ ಸದಾ ಚೆಲ್ಲುವ ಜಾಗದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಅಂತ ನಾನೇ ಹೇಳಿಕೊಡುತ್ತೇನೆ. ವ್ಯಾಪಾರಕ್ಕೆ ಇದು ಒಳ್ಳೆಯದೋ ಕೆಟ್ಟದ್ದೋ, ರಾತ್ರಿ ನಿದ್ದೆ ಬರುತ್ತದೆ.

ಈಗ ಕತ್ತರಿಸುವುದಕ್ಕೆ ಲೇಸರ್ ಬಂದಿದೆ. ಕಂಪ್ಯೂಟರಿನಲ್ಲಿ ಬಿಡಿ ಭಾಗಗಳನ್ನು ಹಾಳೆಯ ಮೇಲೆ ಒತ್ತೊತ್ತಾಗಿ ಜೋಡಿಸಿದರೆ ವೇಸ್ಟ್ ಕಮ್ಮಿ. ಮೈಲ್ಡ್ ಸ್ಟೀಲಿಗೆ ಆಮ್ಲಜನಕ ಊದಿ ಕತ್ತರಿಸುತ್ತೇವೆ, ಸ್ಟೇನ್‌ಲೆಸ್‌ನ ಅಂಚು ಕಪ್ಪಾಗದಿರಲಿ ಅಂತ ಸಾರಜನಕ. ಮಡಚಲು ಪ್ರೆಸ್ ಬ್ರೇಕ್ ಅನ್ನುವ ಮೆಷಿನ್. 2 ಮಿ.ಮೀ. ತಗಡಿಗೆ ಅದರ ಎಂಟು ಪಟ್ಟು, 16 ಮಿ.ಮೀ. ಬಾಯಿಯ ವಿ-ಡೈ ಹಾಕುತ್ತೇವೆ. ಕೈ ಬಿಟ್ಟ ತಕ್ಷಣ ತಗಡು ಸ್ವಲ್ಪ ಹಿಂದಕ್ಕೆ ಬರುತ್ತದೆ, ಅದಕ್ಕೆ 90 ಬೇಕಾದರೆ ಒಂದೆರಡು ಡಿಗ್ರಿ ಜಾಸ್ತಿ ಒತ್ತಬೇಕು. ಸ್ಟೇನ್‌ಲೆಸ್ ಇನ್ನೂ ಹಠಮಾರಿ. ಹಾಳೆಯನ್ನು ಉರುಳಿಸಿದ ದಿಕ್ಕಿಗೆ ಅಡ್ಡಲಾಗಿ ಮಡಚಿದರೆ ಒಳ್ಳೆಯದು. ಅದೇ ದಿಕ್ಕಿನಲ್ಲಿ ಮಡಚಿದರೆ ಮೂಲೆ ಬಿರಿಯುವ ಸಂಭವ ಹೆಚ್ಚು. ಕೊನೆಗೆ ಪೇಂಟಿಗೆ ಮೊದಲು ಏಳು ತೊಟ್ಟಿಗಳಲ್ಲಿ ಅದ್ದಿ ಎಣ್ಣೆ, ತುಕ್ಕು ತೆಗೆದು, ಫಾಸ್ಫೇಟ್ ಹಿಡಿಸಿ, ಪೌಡರ್ ಕೋಟಿಂಗ್ ಮಾಡಿ ಓವನ್‌ನಲ್ಲಿ ಬೇಯಿಸುತ್ತಾರೆ. ಅದು ನಾವು ಹೊರಗೆ ಕೊಡುವ ಕೆಲಸ.

ನಮ್ಮ ಯೂನಿಟ್ಟಿಗೆ ಕೆಲಸ ಕೇಳಿಕೊಂಡು ಬರುವ ಹುಡುಗರಲ್ಲಿ ಮಂಡ್ಯದ ಆ ಐಟಿಐನವರೂ ಇರುತ್ತಾರೆ. ಮುಂದೆ ಬರುವವರಿಗಾಗಿ ಪ್ರಶ್ನೆಪತ್ರಿಕೆಯನ್ನು ಇಲ್ಲೇ ಬಯಲು ಮಾಡುತ್ತೇನೆ. 2 ಮಿ.ಮೀ. ತಗಡಿನಲ್ಲಿ ಹೊರ ಅಳತೆ 50ಕ್ಕೆ 50 ಇರುವ ಒಂದು ಎಲ್ ಆಂಗಲ್ ಮಾಡಬೇಕು, ಒಳಮೂಲೆಯ ತ್ರಿಜ್ಯ 2 ಮಿ.ಮೀ. ಚಪ್ಪಟೆ ಪಟ್ಟಿ ಎಷ್ಟು ಅಗಲಕ್ಕೆ ಕತ್ತರಿಸಬೇಕು? ಬಹಳ ಜನ 100 ಅನ್ನುತ್ತಾರೆ. ಡಬ್ಬ ಬಡಿದವರು ಸೀಮಿಗೆ ಅಂತ 100ಕ್ಕಿಂತ ಜಾಸ್ತಿ ಬಿಡಲು ಹೋಗುತ್ತಾರೆ. ಇಲ್ಲಿ ಸೀಮಿಲ್ಲ, ಬರೀ ಮಡಿಕೆ. ಮೂಲೆಯಲ್ಲಿ ತಗಡು ಹೊರಗಡೆ ಹಿಗ್ಗುತ್ತದೆ, ಒಳಗಡೆ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಇದ್ದ ಹಾಗೇ ಇರುತ್ತದೆ. ಆ ಪದರದ ಉದ್ದವೇ ನಿಜವಾದ ಉದ್ದ. ಅದು ಒಳಮೈಯಿಂದ ದಪ್ಪದ 0.4ರಷ್ಟು ದೂರದಲ್ಲಿದೆ ಅಂತ ಇಟ್ಟುಕೊಳ್ಳಿ. ಆಗ ಮೂಲೆಗೆ 2.8 ತ್ರಿಜ್ಯದ ಕಾಲು ವೃತ್ತ, ಅಂದರೆ 4.4 ಮಿ.ಮೀ.; ದಪ್ಪ ಮತ್ತು ತ್ರಿಜ್ಯ ಕಳೆದರೆ ಎರಡು ಕಡೆ ನೇರ ಭಾಗ 46, 46. ಒಟ್ಟು 96.4.

100 ಅಂದವರನ್ನೂ ವಾಪಸ್ ಕಳಿಸುವುದಿಲ್ಲ. ಲೇಸರ್ ಹತ್ತಿರ ಮಾತ್ರ ಬಿಡುವುದಿಲ್ಲ. ಒಂದು ಪಟ್ಟಿ ತಗಡು, ಸ್ಕ್ರೈಬರ್, ವರ್ನಿಯರ್ ಕೊಟ್ಟು ಫೋಲ್ಡಿಂಗ್ ಮೆಷಿನ್ ಕಡೆ ಕಳಿಸುತ್ತೇನೆ. 100ಕ್ಕೆ ಕತ್ತರಿಸಿ, ಮಡಚಿ, ಅಳೆದು ನೋಡಲಿ. ಮಿಕ್ಕ ಮೂರೂವರೆ ಮಿ.ಮೀ. ಎಲ್ಲಿಂದ ಬಂತು ಅಂತ ಅವರೇ ಬಂದು ಕೇಳುತ್ತಾರೆ.