ಅತ್ತೆಯ ಜೊತೆ ಮಂಕಿ ಸ್ಟೇಷನ್ನಿನಲ್ಲಿ

ನಮ್ಮ ತಾಳಗುಪ್ಪದಲ್ಲಿ ರೈಲು ಹಳಿ ಮುಗಿದುಹೋಗುತ್ತದೆ. ಬಂದ ಗಾಡಿಯ ಎಂಜಿನ್ನನ್ನು ಈ ತುದಿಯಿಂದ ಬಿಚ್ಚಿ ಆ ತುದಿಗೆ ಜೋಡಿಸಿ, ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತಾರೆ. ಮೀಟರ್ ಗೇಜ್ ಅನ್ನುವ ಕಿರಿದಾದ ಹಳಿಯ ಕಾಲದಲ್ಲಿ ಬಸ್ಸಿನಂಥ ಪುಟ್ಟ ಗಾಡಿ, ರೈಲು ಬಸ್, ಓಡುತ್ತಿತ್ತು. 2011ರಲ್ಲಿ ದೊಡ್ಡ ಗಾಡಿ ಬಂತು. ಬಂದರೂ ಅಲ್ಲೇ ನಿಂತಿತು.

ಅತ್ತೆ ಮನೆ ಘಟ್ಟದ ಕೆಳಗೆ, ಹೊನ್ನಾವರ ತಾಲ್ಲೂಕಿನ ಮಂಕಿಯಲ್ಲಿ. ಹೆಸರು ಕೇಳಿದಾಗಲೆಲ್ಲ ನನ್ನ ಮಗಳು ನಗುತ್ತಾಳೆ, ಇರಲಿ. ತಾಳಗುಪ್ಪದಿಂದ ರೈಲಲ್ಲೇ ಅಲ್ಲಿಗೆ ಹೋಗಬೇಕು ಅಂದರೆ ಶಿವಮೊಗ್ಗ, ಬೀರೂರು, ಅರಸೀಕೆರೆ, ಹಾಸನ, ಸಕಲೇಶಪುರ, ಮಂಗಳೂರು ಎಲ್ಲ ಸುತ್ತಿ ಬರಬೇಕು. ಬಸ್ಸಿಗೆ ಗೇರುಸೊಪ್ಪೆ ಘಾಟಿ ಇಳಿದರೆ ಅರ್ಧ ದಿನದ ಕೆಲಸವೂ ಅಲ್ಲ. ತಾಳಗುಪ್ಪ–ಹೊನ್ನಾವರ ರೈಲಿನ ಮಾತು ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಕೇಳುತ್ತಿದ್ದೇನೆ. ಬಂದರೆ ಒಳ್ಳೆಯದೇ. ಆದರೆ ಸಿಂಗಳೀಕ ಇರುವ ಆ ಕಾಡು ಸೀಳಿಕೊಂಡು ಬರುವುದಾದರೆ ನಂಗೆ ಬಸ್ಸೇ ಸಾಕು.

ಜನವರಿಯಲ್ಲಿ ಅತ್ತೆಯ ಕಣ್ಣು ತೋರಿಸಲು ಕುಮಟಾಕ್ಕೆ ಹೋಗಬೇಕಿತ್ತು. 'ಬಸ್ಸು ಬೇಡ ಅಪ್ಪಿ, ತಲೆ ತಿರುಗ್ತದೆ. ರೈಲಿಗೆ ಹೋಗುವ' ಅಂದರು. ಬೆಳಿಗ್ಗೆ ಆಟೋದವನು ಕೊಂಕಣ ರೈಲಿನ ಮಂಕಿ ಸ್ಟೇಷನ್ ಎದುರು ಇಳಿಸಿ ಹೋದ. ಟೀ ಅಂಗಡಿ ಇಲ್ಲ, ಪೇಪರ್ ಅಂಗಡಿ ಇಲ್ಲ. ಪ್ಲಾಟ್‌ಫಾರ್ಮಿನ ಮೇಲೆ ನಾವಿಬ್ಬರು, ಬುಟ್ಟಿ ಇಟ್ಟುಕೊಂಡ ಇಬ್ಬರು ಹೆಂಗಸರು, ಒಂದು ನಾಯಿ. ಮುಂಬೈ, ಕೇರಳದ ದೊಡ್ಡ ಗಾಡಿಗಳು ಇಲ್ಲಿ ತಿರುಗಿಯೂ ನೋಡುವುದಿಲ್ಲ. ಪ್ಯಾಸೆಂಜರ್ ಒಂದೇ ಗತಿ.

ಅದೂ ಲೇಟು. 'ಕ್ರಾಸಿಂಗ್ ಉಂಟು' ಅಂದರು ಟಿಕೆಟ್ ಕೊಟ್ಟವರು. ಇದು ಒಂಟಿ ಹಳಿ. ಎದುರಿನಿಂದ ಬರುವ ಗಾಡಿ ದಾಟುವ ತನಕ ನಮ್ಮದು ಹಿಂದಿನ ಸ್ಟೇಷನ್ನಿನಲ್ಲಿ ಕಾಯಬೇಕು. ಅರ್ಧ ಗಂಟೆ ಬಿಟ್ಟು ಬಂದದ್ದು ಲಾರಿ ರೈಲು! ಚಪ್ಪಟೆ ವ್ಯಾಗನ್ನುಗಳ ಮೇಲೆ ಸಾಲಾಗಿ ಲಾರಿಗಳು. ಮಹಾರಾಷ್ಟ್ರದ ಕೋಲಾಡ್‌ನಿಂದ ಸುರತ್ಕಲ್‌ವರೆಗೆ ಹೀಗೇ ಹೋಗುತ್ತವೆ. ಒಬ್ಬ ಡ್ರೈವರ್ ಕಿಟಕಿಯಿಂದ ಎರಡೂ ಕಾಲು ಹೊರಗೆ ಚಾಚಿ ಮಲಗಿದ್ದ. ಅಂಗಾಲು ನಮ್ಮ ಕಡೆ ತೋರಿಸುತ್ತಾ ಹೋದ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. 'ಪುಣ್ಯವಂತ, ಸ್ಟೇರಿಂಗೂ ಹಿಡಿಯಬೇಕಾಗಿಲ್ಲ.'

ಹಳಿ ನೋಡಿಕೊಂಡು ಬಂದ ಗ್ಯಾಂಗ್‌ಮನ್ ಒಬ್ಬರು ನೀರು ಕುಡಿಯಲು ನಿಂತರು. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ. ಮಳೆಗಾಲದಲ್ಲಿ ಹೇಗೆ ಅಂತ ಕೇಳಿದೆ. ಆಗ ಟೈಮ್ ಟೇಬಲ್ಲೇ ಬೇರೆಯಂತೆ, ಗಾಡಿ ನಿಧಾನವಂತೆ. ಗುಡ್ಡ ಕಡಿದ ಕಡೆ ರಾತ್ರಿಯಿಡೀ ಟಾರ್ಚ್ ಹಿಡಿದು ನಡೆಯಬೇಕಂತೆ, ಕಲ್ಲು ಉರುಳಿದೆಯಾ ಅಂತ. 'ಉಂಬಳ ಹತ್ತುತ್ತದೆ, ಅದೊಂದೇ' ಅಂದರು. ರಕ್ತ ಹೀರುವ ಉಂಬಳದ ವಿಷಯ ಮಲೆನಾಡಿನವನಿಗೆ ಹೇಳಬೇಕಾ!

ಪ್ಯಾಸೆಂಜರ್ ಬಂತು. ಸೀಟು ಬೇಕಾದಷ್ಟು. ಅತ್ತೆ ಕಿಟಕಿ ಪಕ್ಕ ಕೂತರು. ತೆಂಗು, ಗದ್ದೆ, ಹೆಂಚಿನ ಮನೆ, ಮತ್ತೆ ತೆಂಗು. ಸ್ವಲ್ಪ ಹೊತ್ತಿಗೆ ಗಾಡಿಯ ಸದ್ದು ಬದಲಾಯಿತು. ಶರಾವತಿ ಸೇತುವೆ. 2 ಕಿಲೋಮೀಟರಿಗೂ ಜಾಸ್ತಿ ಉದ್ದ, ಕೊಂಕಣ ರೈಲಿನಲ್ಲಿ ಇದಕ್ಕಿಂತ ಉದ್ದದ್ದು ಇಲ್ಲ. ಕೆಳಗೆ ಒಂದು ದೋಣಿ, ನೀರಿನ ನಡುವೆ ತೆಂಗಿನ ಕುದ್ರು.

ಅತ್ತೆಗೆ ಎಂಟು ವರ್ಷ ಆಗಿದ್ದಾಗ ಅಜ್ಜನ ಮನೆ, ಗದ್ದೆ ಎಲ್ಲ ಘಟ್ಟದ ಮೇಲೆ ಇದೇ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಮಾತು ಅವರು ಎತ್ತುವುದು ಕಡಿಮೆ.

'ಇದು ನಮ್ಮ ಗದ್ದೆ ಮೇಲಿನ ನೀರೇ ಅಲ್ವನ?'

'ಹೌದತ್ತೆ. ಕರೆಂಟ್ ಮಾಡಿ ಬಿಟ್ಟ ನೀರು.'

'ಇಲ್ಲಿಗೆ ಬರುವಾಗ ಉಪ್ಪಾಗ್ತದೆ. ಬಾಯಿಗೆ ಹಾಕ್ಲಿಕ್ಕಾಗುದಿಲ್ಲ.'

ಸೇತುವೆ ಮುಗಿಯುವ ತನಕ ಕಿಟಕಿಯ ಸರಳು ಹಿಡಿದುಕೊಂಡೇ ಇದ್ದರು. ಆಮೇಲೆ ಚೀಲ ಬಿಚ್ಚಿ, ಕಣ್ಣಿನ ಚೀಟಿ ತಂದಿದ್ದೀಯಾ ಅಂತ ಕೇಳಿದರು. ತಂದಿರಲಿಲ್ಲ. ಮಂಕಿಯಲ್ಲಿ ಮನೆಯ ಫ್ರಿಜ್ ಮೇಲೆ ಬಿಟ್ಟು ಬಂದಿದ್ದೆ. ಕುಮಟಾ ಬರುವ ತನಕ ಬೈಸಿಕೊಂಡೆ. ಇಳಿದ ಮೇಲೆ ಅತ್ತೆ ಮೊದಲು ಕೇಳಿದ್ದು, ವಾಪಸ್ ರೈಲು ಎಷ್ಟು ಗಂಟೆಗೆ ಅಂತ.