ಮುತ್ತಾತನ ಕಸುಬು ಯಾವ ಕಾಗದದಲ್ಲಿ ಸಿಗುತ್ತದೆ?

ಮನೆತನಗಳ ಹಳೇ ದಾಖಲೆ ಹುಡುಕೋದು ನನಗೆ ಇಷ್ಟದ ಕೆಲಸ. ಅದು ಗೊತ್ತಾದವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ನಮ್ಮ ಮುತ್ತಾತ ಏನು ಕೆಲಸ ಮಾಡಿಕೊಂಡಿದ್ದರು ಅಂತ ತಿಳಿಯೋದು ಹೇಗೆ? ಎಲ್ಲಿ ಹುಡುಕಬೇಕು?" ಹೆಸರುಗಳು ಹೇಗೋ ಸಿಕ್ಕಿರುತ್ತವೆ. ಅಜ್ಜಿ ಹೇಳಿರುತ್ತಾರೆ, ಇಲ್ಲವೇ ಆಸ್ತಿ ಪಾಲಿಗೆ ಮಾಡಿಸಿದ ವಂಶವೃಕ್ಷ ಪೆಟ್ಟಿಗೆಯಲ್ಲಿರುತ್ತದೆ. ಆದರೆ ಆ ಹೆಸರಿನ ಮನುಷ್ಯ ಬೆಳಗ್ಗೆ ಎದ್ದು ಯಾವ ಕೆಲಸಕ್ಕೆ ಹೋಗುತ್ತಿದ್ದ ಅನ್ನೋದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ನನ್ನ ಉತ್ತರ ಇಷ್ಟೇ: ಜಮೀನಿನ ಕಾಗದದಿಂದ ಶುರು ಮಾಡಿ. ನಿಮ್ಮ ಮನೆಗೆ ಒಂದು ಗುಂಟೆ ಜಮೀನು ಇಲ್ಲದಿದ್ದರೂ ಅಲ್ಲಿಂದಲೇ ಶುರು ಮಾಡಿ.

ಅಮೆರಿಕ, ಇಂಗ್ಲೆಂಡಿನಲ್ಲಿ ನೆಲೆಸಿದ ನಮ್ಮವರಿಗೆ ಈ ಮಾತು ವಿಚಿತ್ರ ಅನ್ನಿಸುತ್ತದೆ. "ಜನಗಣತಿ ನೋಡಿದರೆ ಆಯ್ತಲ್ವಾ?" ಅಂತಾರೆ. ಅವರ ಅಕ್ಕಪಕ್ಕದವರು ಹಾಗೇ ಮಾಡಿರುತ್ತಾರೆ. ಇಂಗ್ಲೆಂಡಿನ 1921ರ ಜನಗಣತಿ 2022ರಲ್ಲಿ ತೆರೆಯಿತು. ಅಮೆರಿಕದ 1950ರದ್ದೂ ಅದೇ ವರ್ಷ ಸಿಕ್ಕಿತು. ಅಲ್ಲಿ ಮನೆ ಮನೆಯ ಹಾಳೆ ಇದೆ, ಪ್ರತಿಯೊಬ್ಬರ ಹೆಸರಿನ ಮುಂದೆ ಕಸುಬು ಇದೆ. ಮೈಸೂರು ಸಂಸ್ಥಾನದಲ್ಲೂ 1871ರಿಂದ ಜನಗಣತಿ ನಡೆದಿದೆ, ಕಸುಬನ್ನೂ ಕೇಳಿದ್ದಾರೆ. ಆದರೆ ಲೆಕ್ಕ ಕೂಡಿದ ಮೇಲೆ ಮನೆ ಮನೆಯ ಚೀಟಿಗಳನ್ನು ಉಳಿಸಲಿಲ್ಲ. ಯಾವ ಜಿಲ್ಲೆಯಲ್ಲಿ ಎಷ್ಟು ಜನ ನೇಕಾರರು, ಎಷ್ಟು ಜನ ಕುಂಬಾರರು ಅನ್ನುವ ಕೋಷ್ಟಕ ಉಳಿದಿದೆ, ನಿಮ್ಮ ಮುತ್ತಾತ ಅದರೊಳಗೆ ಒಂದು ಅಂಕಿಯಾಗಿ ಸೇರಿಹೋಗಿದ್ದಾರೆ. ಇನ್ನು 1948ರ ಜನಗಣತಿ ಕಾಯ್ದೆ ಬಂದ ಮೇಲಿನ ಗಣತಿಗಳ ಹಾಳೆಗಳನ್ನಂತೂ ಯಾರೂ ನೋಡುವ ಹಾಗಿಲ್ಲ. ಹಾಗಾಗಿ ಆ ದಾರಿ ಬಿಟ್ಟುಬಿಡಿ.

ನಮ್ಮಲ್ಲಿ ಸರ್ಕಾರ ಬಿಡದೆ ಲೆಕ್ಕ ಇಟ್ಟದ್ದು ಕಂದಾಯಕ್ಕೆ. ಕಂದಾಯ ಬರಬೇಕಾದರೆ ಹಳ್ಳಿ ನಡೆಯಬೇಕು, ಹಳ್ಳಿ ನಡೆಯಬೇಕಾದರೆ ಕೆಲಸದವರು ಬೇಕು. ಹಳೇ ಮೈಸೂರಿನ ಊರುಗಳಲ್ಲಿ ಹನ್ನೆರಡು ಮಂದಿ ಆಯಗಾರರು ಅಂತ ಇದ್ದರು. ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಹೀಗೆ. ಇವರಿಗೆ ತಿಂಗಳ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲಿ ರಾಶಿ ಆದಾಗ ಇಷ್ಟು ಅಂತ ಆಯ ಕೊಡುತ್ತಿದ್ದರು. ಕೆಲವರಿಗೆ ಅದರ ಜೊತೆ, ಆ ಕೆಲಸ ಮಾಡುವವರೆಗೂ ಉಣ್ಣಲಿಕ್ಕೆ ಅಂತ ಒಂದು ತುಂಡು ಜಮೀನು. ಅದೇ ಇನಾಮ್ತಿ ಜಮೀನು. ತೋಟಿ ಇನಾಮ್ತಿ, ತಳವಾರಿಕೆ ಇನಾಮ್ತಿ, ನೀರುಗಂಟಿ ಇನಾಮ್ತಿ ಅಂತ ಕಸುಬಿನ ಹೆಸರಿನಲ್ಲೇ ಅದನ್ನು ಬರೆಯುತ್ತಿದ್ದರು.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ವಂಶಪಾರಂಪರ್ಯದ ಹುದ್ದೆಗಳು ಹೋದವು, ಇನಾಮ್ತಿ ಜಮೀನು ಸರ್ಕಾರಕ್ಕೆ ಸೇರಿತು. ಹುದ್ದೆ ಮಾಡುತ್ತಿದ್ದ ಮನೆತನದವರು ಅರ್ಜಿ ಹಾಕಿ, ಇಷ್ಟು ಅಂತ ಹಣ ಕಟ್ಟಿ, ಅದೇ ಜಮೀನನ್ನು ರೀಗ್ರಾಂಟ್, ಅಂದರೆ ಮರುಮಂಜೂರು, ಮಾಡಿಸಿಕೊಳ್ಳಬೇಕಾಯಿತು. ನಿಮಗೆ ಬೇಕಾದ್ದು ಆ ರೀಗ್ರಾಂಟ್ ಕಡತ. ನಾವು ಈ ಕೆಲಸ ಮಾಡುತ್ತಿದ್ದ ಮನೆಯವರು ಅಂತ ತೋರಿಸದೆ ಜಮೀನು ಬರುವಂತಿರಲಿಲ್ಲ. ಹಾಗಾಗಿ ಯಾರ ಕಾಲದಿಂದ ಕೆಲಸ ನಡೆದಿದೆ, ಅಣ್ಣತಮ್ಮಂದಿರ ಮನೆಗಳಲ್ಲಿ ಯಾರಿಗೆ ಯಾವ ಸರದಿ, ಯಾರ ಪಾಲೆಷ್ಟು ಅನ್ನೋದೆಲ್ಲ ಆ ಫೈಲಿನಲ್ಲಿ ಬಂದಿರುತ್ತದೆ. ಓದು ಬರಹ ಇಲ್ಲದ ಒಬ್ಬ ನೀರುಗಂಟಿಯ ತಂದೆ, ತಾತನ ಹೆಸರು, ಹೆಬ್ಬೆಟ್ಟಿನ ಗುರುತಿನ ಸಮೇತ ತಾಲ್ಲೂಕು ಕಚೇರಿಯಲ್ಲಿ ಇರುತ್ತದೆ ಅಂದರೆ ಅದು ಸಣ್ಣ ವಿಷಯ ಅಲ್ಲ.

ನೀರುಗಂಟಿಯ ಕೆಲಸ ಗೊತ್ತಲ್ಲ? ಕೆರೆಯ ತೂಬು ಎತ್ತುವವನು, ಇಳಿಸುವವನು ಅವನೇ. ಅಚ್ಚುಕಟ್ಟಿನ ಕೊನೇ ಗದ್ದೆಗೂ ನೀರು ಮುಟ್ಟಿಸಬೇಕು. ಬರಗಾಲದಲ್ಲಿ ಯಾರ ಗದ್ದೆಗೆ ಮೊದಲು, ಯಾರಿಗೆ ಆಮೇಲೆ ಅನ್ನೋದನ್ನು ರಾತ್ರಿಯೆಲ್ಲಾ ಕಾಲುವೆ ಬದಿಯಲ್ಲಿ ನಿಂತು ಸಂಭಾಳಿಸಬೇಕು. ಕೋಲಾರದ ಕಡೆ ಈ ಕೆಲಸ ಮಾಡಿದವರಲ್ಲಿ ದಲಿತರು ಜಾಸ್ತಿ. ಊರಿನ ಅನ್ನ ಇವರ ಕೈಯಲ್ಲಿತ್ತು. ಇಂಥ ಮನೆಯ ಮಕ್ಕಳು ಬಂದು, "ನಮ್ಮದು ಕೂಲಿ ಮನೆ, ನಮ್ಮ ಬಗ್ಗೆ ಏನು ದಾಖಲೆ ಇರುತ್ತೆ" ಅಂದಾಗ ನನಗೆ ಸಂಕಟವಾಗುತ್ತದೆ. ಇರುತ್ತದೆ, ಹುಡುಕಿ ಅಂತ ಒತ್ತಿ ಹೇಳುತ್ತೇನೆ.

ಹುಡುಕೋದು ಹೀಗೆ. ಮೊದಲು ಊರು, ಹೋಬಳಿ, ಸರ್ವೆ ನಂಬರ್ ತಿಳಿದುಕೊಳ್ಳಿ. ಕಂಪ್ಯೂಟರ್ ಪಹಣಿ 2000ದ ಆಸುಪಾಸಿನಿಂದ ಈಚೆಯದು, ಅದರಲ್ಲಿ ಹಳೇ ಕಥೆ ಇರುವುದಿಲ್ಲ. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್‌ಆರ್ (ರೆಕಾರ್ಡ್ ಆಫ್ ರೈಟ್ಸ್, ಹಕ್ಕು ದಾಖಲೆ) ನಕಲು ಬೇಕು ಅಂತ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಅದರಲ್ಲಿ ಎಲ್ಲಾದರೂ ಇನಾಮ್ತಿ ಅಂತ ಕಂಡರೆ ರೀಗ್ರಾಂಟ್ ಆದೇಶದ ನಂಬರ್ ಹಿಡಿಯಿರಿ. ನಿಮ್ಮ ಸರ್ವೆ ನಂಬರ್ ಒಂದೇ ನೋಡಬೇಡಿ, ಅಕ್ಕಪಕ್ಕದ್ದನ್ನೂ ನೋಡಿ.

ಎರಡನೆಯದು ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರಗಳು. ನೋಂದಣಿಯಾಗುವ ಪತ್ರದ ವ್ಯಕ್ತಿಗಳ ವಾಸಸ್ಥಳ, ಕಸುಬು, ತಂದೆಯ ಹೆಸರು ದಾಖಲಾಗಬೇಕು ಅಂತ 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ಹಾಗಾಗಿ ಹಳೇ ಕ್ರಯಪತ್ರದಲ್ಲಿ ಇಂಥವರು ಬಿನ್ (ಅಂದರೆ ಮಗ) ಇಂಥವರು, ಇಂಥ ಊರು, ಇಂಥ ಕಸುಬು ಅಂತ ಇರುತ್ತದೆ. ಧಾರವಾಡದ ಕಡೆಯ ಪತ್ರವಾದರೆ ಧಂದೆ ಒಕ್ಕಲುತನ ಅಂತ ಬರೆದಿರುತ್ತಾರೆ. ಕ್ರಯಪತ್ರಕ್ಕಿಂತ ಭೋಗ್ಯದ ಪತ್ರ ನನಗೆ ಹೆಚ್ಚು ಇಷ್ಟ. ಸಾಲ ಯಾಕೆ ಬೇಕಾಯಿತು ಅನ್ನೋದನ್ನೂ ಅದರಲ್ಲಿ ಬರೆಸುತ್ತಿದ್ದರು. ಎತ್ತು ಕೊಳ್ಳಲು, ಮಗಳ ಮದುವೆಗೆ, ವ್ಯಾಪಾರಕ್ಕೆ. ಕಸುಬಿನ ಕಲಂನಲ್ಲಿ ವ್ಯವಸಾಯ ಅಂತಿದ್ದು, ಸಾಲದ ಕಾರಣದಲ್ಲಿ ನೂಲು ತರಲು ಅಂತ ಬಂದರೆ ಆ ಮನೆಯಲ್ಲಿ ಮಗ್ಗ ಇತ್ತು ಅಂತ ತಿಳಿಯಬಹುದು. ಪತ್ರ ಬರೆಯುವವರು ಬಂದವರಿಗೆಲ್ಲ ವ್ಯವಸಾಯ ಅಂತಲೇ ಬರೆದುಬಿಡುತ್ತಿದ್ದರು. ಆ ಒಂದು ಪದವನ್ನೇ ನಂಬಿ ಕೂರಬೇಡಿ.

ಚೆಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ದಿಕ್ಕಿನ ಗಡಿಯ ವಿವರ, ಬಿಡದೆ ಓದಿ. ಪೂರ್ವಕ್ಕೆ ಗಾಣಿಗರ ಮನೆ, ಪಶ್ಚಿಮಕ್ಕೆ ಕೆರೆ ಏರಿ, ಉತ್ತರಕ್ಕೆ ತೋಟಿ ಇನಾಮ್ತಿ ಹೊಲ, ದಕ್ಷಿಣಕ್ಕೆ ಕುಂಬಾರರ ಆವಿಗೆ ಜಾಗ, ಈ ಥರ ಇರುತ್ತದೆ. ತನ್ನ ಹೆಸರಿನಲ್ಲಿ ಒಂದು ಪತ್ರವನ್ನೂ ಮಾಡಿಸದ ಮನುಷ್ಯ ಪಕ್ಕದವರ ಪತ್ರದ ಗಡಿಯಲ್ಲಿ ತನ್ನ ಕಸುಬಿನ ಸಮೇತ ಸಿಕ್ಕಿಬಿಡುತ್ತಾನೆ. ಜಮೀನು ಇಲ್ಲದವರೂ ಜಮೀನಿನ ಕಾಗದ ನೋಡಿ ಅಂತ ನಾನು ಹೇಳೋದು ಇದಕ್ಕೇ.

ಕರಾವಳಿಯವರಿಗೆ ಇನ್ನೊಂದು ದೊಡ್ಡ ನಿಧಿ ಇದೆ, ಡಿಕ್ಲರೇಶನ್ ಫೈಲುಗಳು, ಅಂದರೆ ಗೇಣಿಗೆ ಉಳುತ್ತಿದ್ದವರು ಆ ಜಮೀನಿನ ಹಕ್ಕು ಕೇಳಿ ಹಾಕಿದ ಅರ್ಜಿಗಳ ಕಡತಗಳು. ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರು. ಕೊನೇ ಗಡುವು 1979ರ ಜೂನ್ 30. ಧಣಿ ಒಪ್ಪದಿದ್ದ ಕಡೆ ವಿಚಾರಣೆ ನಡೆಯಿತು. ಗೇಣಿದಾರ, ಧಣಿ, ನೆರೆಮನೆಯವರು ಎಲ್ಲರ ಹೇಳಿಕೆ ಬರೆದುಕೊಂಡರು. ಎಷ್ಟು ಮುಡಿ ಅಕ್ಕಿ ಗೇಣಿ ಅಳೆಯುತ್ತಿದ್ದರು, ಯಾವ ಗದ್ದೆ ಯಾರು ಉಳುತ್ತಿದ್ದರು, ಅಡಿಕೆ ತೋಟ ಯಾರು ನೋಡಿಕೊಳ್ಳುತ್ತಿದ್ದರು. ನಮ್ಮ ಬಡವರು ತಮ್ಮ ಕೆಲಸದ ಬಗ್ಗೆ ತಾವೇ ಮಾತಾಡಿ, ಅದನ್ನು ಸರ್ಕಾರ ಬರೆದಿಟ್ಟುಕೊಂಡ ಇಂಥ ಸಂದರ್ಭ ನಮ್ಮ ನಾಡಿನಲ್ಲಿ ತುಂಬಾ ಕಡಿಮೆ. ಮನೆಯಲ್ಲಿ ಆದೇಶದ ಪ್ರತಿ ಒಂದೇ ಇದ್ದರೆ ಸಾಲದು. ಪೂರ್ತಿ ಕಡತದ ನಕಲು ಕೇಳಿ, ಹೇಳಿಕೆಗಳು ಅದರಲ್ಲೇ ಇರೋದು.

ಉತ್ತರ ಕರ್ನಾಟಕದಲ್ಲಿ ಇನಾಮ್ತಿಯ ಜಾಗದಲ್ಲಿ ವತನ ಅಂತ ಹುಡುಕಬೇಕು. ಮುಂಬೈ ಸರ್ಕಾರದ 1874ರ ವತನ ಕಾಯ್ದೆಯ ಕೆಳಗೆ ಗೌಡ, ಕುಲಕರ್ಣಿ, ಶೇತಸನದಿ (ಜಮೀನು ಪಡೆದು ಊರಿನ ಕಾವಲು ಕೆಲಸ ಮಾಡುತ್ತಿದ್ದವರು) ಮುಂತಾದ ವತನದಾರರ ದಾಖಲೆ ಇದೆ. ಇಲ್ಲಿ ತೊಡಕು ಲಿಪಿಯದು. ಬೆಳಗಾವಿ, ಧಾರವಾಡ, ವಿಜಯಪುರದ ಹಳೇ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿಯನ್ನು ಕೂಡಿಸಿ ಬರೆಯುವ ಹಳೇ ಲಿಪಿಯಲ್ಲಿ, ಇರುತ್ತದೆ. ಕಲಬುರಗಿ, ಬೀದರ್, ರಾಯಚೂರಿನ ನಿಜಾಮರ ಕಾಲದ್ದು ಉರ್ದುವಿನಲ್ಲಿ. ಬಹಳ ಜನ ಇಲ್ಲಿಗೆ ಕೈಬಿಡುತ್ತಾರೆ. ಬಿಡಬೇಡಿ. ಆ ಜಿಲ್ಲೆಗಳ ಕೋರ್ಟುಗಳ ಸುತ್ತಮುತ್ತ ಇವನ್ನು ಓದುವವರು ಇನ್ನೂ ಇದ್ದಾರೆ.

ರೈಲ್ವೆ, ಮಿಲ್ಲು, ಕೆಜಿಎಫ್ ಗಣಿ, ಪೊಲೀಸು, ಸೈನ್ಯದಲ್ಲಿ ಇದ್ದವರ ವಿಷಯ ಸುಲಭ. ಸರ್ವಿಸ್ ರಿಜಿಸ್ಟರ್, ಪಿಂಚಣಿ ಕಾಗದ ಹುಡುಕಿ. ಸಂಸ್ಥಾನದ ನೌಕರರಾದರೆ ಮೈಸೂರು ಗೆಜೆಟ್ ನೋಡಿ, ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರಲ್ಲಿ ಕೆಲವರು ಉತ್ತರವನ್ನೂ ತಾವೇ ಕೊಡುತ್ತಾರೆ. "ನಮ್ಮ ಜಾತಿ ಕಸುಬು ಇದು, ತಾತನೂ ಅದನ್ನೇ ಮಾಡಿರ್ತಾರೆ ಬಿಡಿ." ಇದನ್ನು ನಾನು ಒಪ್ಪುವುದೇ ಇಲ್ಲ. ಉಪ್ಪಾರರು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದರು. ಸಮುದ್ರದ ಉಪ್ಪು ಅಗ್ಗವಾಗಿ ಬರತೊಡಗಿದಾಗ ಆ ಕೆಲಸ ನಿಂತಿತು. ಮಣ್ಣು ಕೆಲಸ, ಕಟ್ಟಡದ ಕೆಲಸಕ್ಕೆ ಹೋದರು. ಬೆಸ್ತರು ಮೀನು ಹಿಡಿದಷ್ಟೇ ಪಲ್ಲಕ್ಕಿಯನ್ನೂ ಹೊತ್ತಿದ್ದಾರೆ. ಅದರ ಮೇಲೆ ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರವರೆಗಿನದು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಬದುಕುಳಿದವರಲ್ಲಿ ಎಷ್ಟೋ ಜನ ಊರು ಬಿಟ್ಟರು, ಸಿಕ್ಕ ಕೆಲಸ ಮಾಡಿದರು. ನಿಮ್ಮ ಮನೆತನದ ಕಥೆ ಆ ಕಾಲದಲ್ಲಿ ಇದ್ದಕ್ಕಿದ್ದಂತೆ ಬೇರೆ ಊರಿನಿಂದ ಶುರುವಾದರೆ ಬರವನ್ನು ನೆನಪಿಟ್ಟುಕೊಳ್ಳಿ. ಜಾತಿಯ ಹೆಸರು ನೋಡಿ ಕಸುಬು ಬರೆದುಬಿಟ್ಟರೆ ಒಬ್ಬ ಮನುಷ್ಯ ಜೀವಮಾನವಿಡೀ ಪಟ್ಟ ಪಾಡನ್ನೇ ಅಳಿಸಿದಂತೆ.

ಮನೆತನಗಳ ವಂಶಾವಳಿ ಹೇಳುವ ಹೆಳವರು ಬಂದರೆ ದಯವಿಟ್ಟು ಬಾಗಿಲಿಂದ ಕಳಿಸಬೇಡಿ. ಮೊದಲೆಲ್ಲ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ, ಸುಗ್ಗಿ ಮುಗಿದ ಮೇಲೆ ಬರುತ್ತಿದ್ದರು. ಮನೆತನದ ಮೂಲ ಎಲ್ಲಿ, ಎಲ್ಲಿಂದ ಎಲ್ಲಿಗೆ ಬಂದರು, ಯಾರ ಮಕ್ಕಳು ಯಾರು ಅಂತ ಹೊಗಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು ಹೋಗುತ್ತಿದ್ದರು. ಅವರ ಪುಸ್ತಕದಲ್ಲಿರುವಷ್ಟು ಹಿಂದಿನ ತಲೆಮಾರುಗಳು ಎಷ್ಟೋ ಸಲ ಸರ್ಕಾರಿ ಕಾಗದದಲ್ಲಿ ಇರುವುದಿಲ್ಲ. ಹೊಗಳಿಕೆಯ ಭಾಗದಲ್ಲಿ ಗೌಡಿಕೆ, ಶೌರ್ಯ ಸ್ವಲ್ಪ ಜಾಸ್ತಿ ಇರುತ್ತದೆ. ಅದನ್ನು ತಾಲ್ಲೂಕಿನ ಕಾಗದದ ಜೊತೆ ಹೋಲಿಸಿ ನೋಡಿ. ಊರಿನ ಹೆಸರು, ವಲಸೆಯ ದಾರಿ ಮಾತ್ರ ಗಮನವಿಟ್ಟು ಬರೆದುಕೊಳ್ಳಿ.

ಇಷ್ಟೆಲ್ಲ ಹುಡುಕಿದ ಮೇಲೂ ಒಂದು ಅರ್ಧ ಖಾಲಿ ಇರುತ್ತದೆ. ಮುತ್ತಜ್ಜಿಯದು. ಪತ್ರದಲ್ಲಿ ಅವಳು ಇಂಥವರ ಕೋಂ (ಅಂದರೆ ಹೆಂಡತಿ) ಅಷ್ಟೇ, ಕಸುಬು ಮನೆಗೆಲಸ. ಹೆಳವರ ಪುಸ್ತಕದಲ್ಲೂ ಹೆಣ್ಣುಮಕ್ಕಳ ಹೆಸರು ಅಪರೂಪ. ಸೂಲಗಿತ್ತಿ ಊರಿಗೆ ಊರನ್ನೇ ಹುಟ್ಟಿಸಿದ್ದರೂ ಅವಳಿಗೊಂದು ಇನಾಮ್ತಿ ಕಾಣುವುದಿಲ್ಲ. ನೇಕಾರರ ಮನೆಯಾದರೆ ಊರಿನ ಸಹಕಾರ ಸಂಘದ ಹಳೇ ಸಾಲದ ಪುಸ್ತಕ ಒಮ್ಮೆ ನೋಡಿ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಶುರುವಾದ ನಾಡು ನಮ್ಮದು, ಹಲವು ಕಡೆ ಪುಸ್ತಕಗಳು ಇನ್ನೂ ಇವೆ. ವಿಧವೆಯರ ಹೆಸರಿನಲ್ಲಿ ಸಾಲ ಇದ್ದರೆ ಅದು ಯಾವ ಕೆಲಸಕ್ಕೆ ಅಂತ ಬರೆದಿರಬಹುದು.

ಅದೂ ಸಿಗದಿದ್ದರೆ ಉಳಿಯೋದು ಮನೆಯ ಹಿರಿಯರು. ಅವರನ್ನು "ಮುತ್ತಜ್ಜಿ ಏನು ಕೆಲಸ ಮಾಡ್ತಿದ್ರು?" ಅಂತ ಕೇಳಬೇಡಿ. "ಏನಿಲ್ಲಪ್ಪ, ಮನೇಲೇ ಇರ್ತಿದ್ರು" ಅಂದುಬಿಡುತ್ತಾರೆ. ಸಂತೆಗೆ ಏನು ತಗೊಂಡು ಹೋಗ್ತಿದ್ರು ಅಂತ ಕೇಳಿ. ಯಾರ ಮನೆಗೆ ಕಳೆ ಕೀಳೋಕೆ ಹೋಗ್ತಿದ್ರು, ರಾಟೆ ಇತ್ತಾ, ಎಮ್ಮೆ ಎಷ್ಟಿದ್ದವು, ಬೆಣ್ಣೆ ದುಡ್ಡು ಯಾರ ಕೈಲಿರ್ತಿತ್ತು ಅಂತ ಒಂದೊಂದೇ ಕೇಳಿ. ಹೇಳಿದ ಕೂಡಲೇ ಹೇಳಿದವರ ಹೆಸರು, ತಾರೀಕು ಹಾಕಿ ಬರೆದಿಡಿ. ತಾಲ್ಲೂಕು ಕಚೇರಿಯ ಅರ್ಜಿಗೆ ಮುಂದಿನ ವಾರ ಹೋದರೂ ನಡೆಯುತ್ತದೆ. ಈ ಕೆಲಸ ಮಾತ್ರ ಇವತ್ತೇ ಮಾಡಿ.