ಜಪಾನಿಗೆ ಹೊರಟವರ ಪೆಟ್ಟಿಗೆಯಲ್ಲಿ ಮಿಕ್ಸಿ ಬೇಡ

ಜಪಾನಿನಲ್ಲಿ ಮನೆ ಮಾಡಿದ ಅಮೆರಿಕನ್ನರ ಅನುಭವ ಓದಿಕೊಂಡು ದಾವಣಗೆರೆಯಿಂದ ಕೆಲಸಕ್ಕೆ ಹೊರಡುವ ಮಕ್ಕಳು ಒಂದು ಗಮನಿಸಬೇಕು: ಅವರ ತೊಡಕು ಬೇರೆ, ನಮ್ಮದು ಬೇರೆ. ರಸ್ತೆಯ ಎಡಕ್ಕೆ ಗಾಡಿ ಓಡಿಸುವುದು, ಬಾಗಿಲಲ್ಲೇ ಚಪ್ಪಲಿ ಬಿಡುವುದು ಅವರಿಗೆ ಹೊಸತು, ನಮಗೆ ಹುಟ್ಟಿನಿಂದ ರೂಢಿ. ಮಹಡಿ ಲೆಕ್ಕದಲ್ಲಿ ಮಾತ್ರ ನಾವೇ ಎಡವುತ್ತೇವೆ. ಅಮೆರಿಕದಂತೆ ಅಲ್ಲೂ ನೆಲಮಟ್ಟದ್ದೇ 1ನೇ ಮಹಡಿ.

ನಿಜವಾದ ಪೇಚು ಕರೆಂಟಿನದು. ಅಲ್ಲಿ ಮನೆಗೆ ಬರುವುದು 100 ವೋಲ್ಟ್. ಅಮೆರಿಕದ್ದು 120, ಹಾಗಾಗಿ ಅವರ ಹೇರ್ ಡ್ರೈಯರ್ ಸ್ವಲ್ಪ ಮಂಕಾಗಿಯಾದರೂ ನಡೆಯುತ್ತದೆ. ನಮ್ಮದು 230. ನಮ್ಮ ಇಸ್ತ್ರಿಪೆಟ್ಟಿಗೆ ಅಲ್ಲಿ ಐದರಲ್ಲಿ ಒಂದು ಪಾಲು ಶಾಖವನ್ನೂ ಸರಿಯಾಗಿ ಕೊಡುವುದಿಲ್ಲ. ಮಿಕ್ಸಿಗೆ ನೆನೆದ ಅಕ್ಕಿ ಹಾಕಿದರೆ ಬ್ಲೇಡು ಸಿಕ್ಕಿಕೊಂಡು ಮೋಟರ್ ಗುಂಯ್‌ಗುಡುತ್ತದೆ. ಹಾಗೇ ಬಿಟ್ಟರೆ ಸುಟ್ಟ ವಾಸನೆ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಇದೆ, ಆದರೆ 750 ವ್ಯಾಟಿನ ಮಿಕ್ಸಿ ತಡೆಯುವಂಥದ್ದು ಕಲ್ಲಿನಂತೆ ಭಾರ. ಅಲ್ಲಿಯದೇ 100 ವೋಲ್ಟಿನ ಮಿಕ್ಸಿ ಕೊಳ್ಳುವುದೇ ಸರಿ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಎಂದಿದ್ದರೆ ಎರಡು ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು.

ಬೆಣ್ಣೆದೋಸೆಯ ಆಸೆಗೆ ಊರಿನಿಂದ ಅಕ್ಕಿ ಕಟ್ಟಿಕೊಂಡು ಹೋಗಬೇಡಿ. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಏರ್‌ಪೋರ್ಟಿನಲ್ಲಿ ಬಿಡುವುದಿಲ್ಲ. ಉದ್ದಿನಬೇಳೆ ಟೋಕಿಯೋದ ನಿಶಿ-ಕಸಾಯ್ ಕಡೆಯ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಜಪಾನಿನ ಅಕ್ಕಿಗೆ ಅಂಟು ಜಾಸ್ತಿ, ಅದೊಂದನ್ನೇ ರುಬ್ಬಿದರೆ ದೋಸೆ ಗರಿಗರಿಯಾಗದು. ರೈಸ್ ಕುಕ್ಕರಿನ ಲೋಟ 180 ಎಂಎಲ್, ಸುಮಾರು 150 ಗ್ರಾಂ ಅಕ್ಕಿ ಹಿಡಿಯುತ್ತದೆ. ಅಮೆರಿಕದ ಕಪ್ ಸುಮಾರು 240 ಎಂಎಲ್. ಅಕ್ಕಿಯನ್ನು ಕುಕ್ಕರಿನ ಲೋಟದಲ್ಲಿ, ನೀರನ್ನು ಅವರ ಕಪ್ಪಿನಲ್ಲಿ ಅಳೆದರೆ ನೀರು ಹೆಚ್ಚಾಗುತ್ತದೆ. ಚಳಿಗಾಲದಲ್ಲಿ ಹಿಟ್ಟು ಹುದುಗದೆಂದು ಕುಕ್ಕರಿನ ‘ಬಿಸಿಯಾಗಿಡು’ ಗುಂಡಿ ಒತ್ತಬಾರದು. ಅದು 60 ಡಿಗ್ರಿ ದಾಟುತ್ತದೆ, ಹುಳಿ ಬರಿಸುವ ಜೀವಾಣು ಸಾಯುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ಇಟ್ಟು, ನೀರು ಆರಿದಂತೆ ಬದಲಿಸಿ.

ಕಸದ ವಿಷಯದಲ್ಲಿ ಅಮೆರಿಕನ್ನರೂ ನಾವೂ ಒಂದೇ ದೋಣಿಯವರು. ನೀರಿನ ಬಾಟಲಿಯ ಮುಚ್ಚಳ ತೆಗೆದು, ಲೇಬಲ್ ಸುಲಿದು, ಒಳಗೆ ತೊಳೆದು, ಅಪ್ಪಚ್ಚಿ ಮಾಡಿ ಅದರದ್ದೇ ದಿನ ಇಡಬೇಕು. ಮುಚ್ಚಳ, ಲೇಬಲ್ ಸಾಮಾನ್ಯವಾಗಿ ಪ್ಲಾಸ್ಟಿಕ್ ಚೀಲಕ್ಕೆ. ಅಡುಗೆಮನೆಯ ಕಸ ಸುಡುವ ಕಸದ ಚೀಲಕ್ಕೆ. ಹಿಂದಿನ ರಾತ್ರಿಯೇ ಇಟ್ಟರೆ ಕಾಗೆ ಹರಿದು ಬೀದಿಗೆ ಚೆಲ್ಲುತ್ತದೆ, ಆದ್ದರಿಂದ ಬೆಳಿಗ್ಗೆಯೇ ಇಟ್ಟು ಬಲೆ ಮುಚ್ಚಬೇಕು. ತಪ್ಪು ಬೆರೆಸಿದ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟುಹೋಗುತ್ತಾರೆ. ವಾರ್ಡಿಗೊಂದು ನಿಯಮ. ಮನೆ ಹಿಡಿದ 14 ದಿನದೊಳಗೆ ವಿಳಾಸ ನೋಂದಾಯಿಸಲು ವಾರ್ಡ್ ಕಚೇರಿಗೆ ಹೇಗೂ ಹೋಗಲೇಬೇಕು. ಕಸದ ವೇಳಾಪಟ್ಟಿಯನ್ನೂ ಅಲ್ಲೇ ಕೇಳಿ ತನ್ನಿ.